ಕಚೇರಿಯಲ್ಲಿ ದಾಸರ ಪದದ ಸ್ಥಾನ

ಉತ್ಸವ, ಆರಾಧನೆಗಳ ಸಂದರ್ಭದಲ್ಲಿ ನಮ್ಮ ದೇವಾಲಯಗಳಲ್ಲಿ ಸಂಗೀತಸೇವೆ ನಡೆಯುವುದು ವಾಡಿಕೆ. ಅಲ್ಲಿ ಕಚೇರಿಯ ಕ್ರಮ ಬಹುಮಟ್ಟಿಗೆ ಒಂದೇ ಬಗೆಯದು. ಮೊದಲು ವರ್ಣ, ಬಳಿಕ ಕೆಲವು ಕೃತಿಗಳು. ಅನಂತರ ಆಲಾಪನೆ, ನೆರವಲು, ಕಲ್ಪನಾಸ್ವರಗಳಿಂದ ವಿಸ್ತರಿಸಿದ ಪ್ರಧಾನ ಕೃತಿ. ಅದರೊಡನೆ ತನಿ ಆವರ್ತನ. ಇವೆಲ್ಲ ಮುಗಿದ ಮೇಲೆ ‘ತುಕ್ಕಡಾ’ಗಳ ಸಾಲಿನಲ್ಲಿ ಒಂದೆರಡು ದೇವರನಾಮ, ಕಡೆಗೆ ಮಂಗಳ. ದೇವರನಾಮದ ಸರದಿ ಬರುವ ವೇಳೆಗೆ ಹಲವರು ಎದ್ದು ಹೊರಟಿರುತ್ತಾರೆ; ಕಾಲಾವಕಾಶ ಸಾಲದೆ ಗಾಯಕರೂ ಐದಾರು ಚರಣಗಳ ಪದದಲ್ಲಿ ಒಂದೆರಡನ್ನು ಹಾಡಿ ಮುಗಿಸುತ್ತಾರೆ. ಹರಿಯ ಸನ್ನಿಧಿಯಲ್ಲಿ ಹರಿದಾಸರ ವಾಣಿಗೆ ಇದು ಯುಕ್ತವಾದ ಸ್ಥಾನವೇ ಎಂಬುದು ವಿಚಾರಣೀಯ.

ಈ ಕ್ರಮ ಶಾಸ್ತ್ರವಿಹಿತವೇನಲ್ಲ. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಅರಿಯಕುಡಿ ರಾಮಾನುಜ ಅಯ್ಯಂಗಾರ್ಯರು (1890-1967) ಇದಕ್ಕೆ ಇಂದಿನ ರೂಪವನ್ನು ಕೊಟ್ಟರೆಂಬುದು ಸಂಗೀತಜ್ಞರ ಸಾಮಾನ್ಯ ಅಭಿಪ್ರಾಯ. ನಾನಾ ಅಭಿರುಚಿಯ ಜನ ಸೇರುವ ಸಭೆಗಳಲ್ಲಿ ಎಲ್ಲರಿಗೂ ತೃಪ್ತಿಯಾಗುವಂತೆ ಅವರು ಮಾಡಿದ ಏರ್ಪಾಡು ಬಹು ಜಾಣ್ಮೆಯದು; ಆದ್ದರಿಂದಲೇ ಅದು ನೆಲೆನಿಂತಿತು. ಆ ಕ್ರಮವನ್ನು ಸಂಗೀತ ಕ್ಷೇತ್ರದಲ್ಲಿರುವವರೇ ಇಂದು ಪ್ರಶ್ನಿಸುತ್ತಿದ್ದಾರೆ, ಟಿ. ಎಂ. ಕೃಷ್ಣ ಅವರು 2013ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಗ್ರಂಥದಲ್ಲಿ ಈ ಚರ್ಚೆಯಿದೆ.

ವಿದ್ವಾಂಸರ ಸಮಾಧಾನವನ್ನೂ ಆಲಿಸಬೇಕು. ತ್ಯಾಗರಾಜರೇ ಮೊದಲಾದವರ ಕೃತಿಗಳು ಗುರುಶಿಷ್ಯ ಪರಂಪರೆಯಲ್ಲಿ ಸಂಗತಿಗಳೊಡನೆ ಉಳಿದುಬಂದಿವೆ. ದಾಸರ ಪದಗಳ ಮೂಲ ಮಟ್ಟುಗಳು ಬಹುಪಾಲು ಮರೆಯಾಗಿ, ಈಚಿನವರು ಅಳವಡಿಸಿದ ರಾಗಗಳಲ್ಲಿ ಹಾಡುವುದು ರೂಢಿಯಾಗಿದೆ. ಪದದಲ್ಲಿ ಸಾಹಿತ್ಯವೇ ಪ್ರಧಾನವಾದ್ದರಿಂದ ಮನೋಧರ್ಮದ ವಿಸ್ತಾರಕ್ಕೆ ಅದು ಅಷ್ಟಾಗಿ ಒಗ್ಗದೆಂದೂ ಅವರು ಹೇಳುತ್ತಾರೆ. ಈ ಮಾತಿನಲ್ಲಿ ಸತ್ಯಾಂಶವಿದೆ.

ಆದರೆ ಇದರಿಂದ ದೇವರನಾಮ ಲಘುವಾದುದೆಂದು ಸಿದ್ಧವಾಗುವುದಿಲ್ಲ. ತಾರತಮ್ಯವೆಂಬುದು ನಮಗೆ ಹೊಸ ಮಾತಲ್ಲ. ಶ್ರೀಮದಾಚಾರ್ಯರು ಉಪದೇಶಿಸಿದ ತಾರತಮ್ಯ ಸ್ವರೂಪಸಿದ್ಧವಾದುದು, ಮನುಷ್ಯಕಲ್ಪಿತವಲ್ಲ. ಕಚೇರಿಯ ಮೇಲುಕೀಳಾದರೋ ಸಭೆಯ ಅನುಕೂಲಕ್ಕಾಗಿ ಮನುಷ್ಯರೇ ಮಾಡಿಕೊಂಡದ್ದು. ಹಾಡಿನ ಸರದಿಯನ್ನು ಹಾಡಿನ ಯೋಗ್ಯತೆಯೆಂದು ಭ್ರಮಿಸುವುದು ತರವಲ್ಲ. ಸರಳೆ, ಜಂಟಿ, ಅಲಂಕಾರಗಳನ್ನು ಮಾಯಾಮಾಳವಗೌಳದಲ್ಲಿ ಕಲಿಸುವ ಪದ್ಧತಿಯನ್ನು ಹಾಕಿಕೊಟ್ಟವರು ಪುರಂದರದಾಸರೆಂದು ಸಂಗೀತಲೋಕವೇ ಅವರನ್ನು ಪಿತಾಮಹರೆಂದು ಕರೆಯುತ್ತದೆ. ಅವರ ಪದಗಳಿಗೆ ಮಾತ್ರ ಕಡೆಯ ಹತ್ತು ನಿಮಿಷವನ್ನು ಮೀಸಲಿಡುತ್ತದೆ.

ಹಾಗಾದರೆ ದೇವರನಾಮವನ್ನೇ ಪ್ರಧಾನ ಕೃತಿಯ ಸ್ಥಾನಕ್ಕೆ ಏರಿಸಿದರೆ ಸಾಕೇ? ಸಾಲದು. ಒಂದೇ ಸಾಲನ್ನು ಹಿಡಿದು ಅರ್ಧ ಗಂಟೆ ನೆರವಲು ಮಾಡಿದರೆ ವಿದ್ವತ್ತು ಮೆರೆದೀತು. ಚರಣದಿಂದ ಚರಣಕ್ಕೆ ಬೆಳೆದು ಅಂಕಿತದಲ್ಲಿ ನೆಲೆಗೊಳ್ಳುವ ಪದದ ಭಾವ ನಡುದಾರಿಯಲ್ಲೇ ನಿಂತೀತು. ದಾಸರ ಪದಕ್ಕೆ ಬೇಕಾದುದು ಎತ್ತರದ ಪೀಠವಲ್ಲ, ಪೂರ್ಣವಾದ ಉಚ್ಚಾರಣೆ. ಸಭಾಂಗಣದ ಹಾಡು ರಸಿಕರಿಗಾಗಿ. ದೇವಾಲಯದ ಹಾಡು ಮೊದಲು ದೇವರಿಗೆ ಸಮರ್ಪಿತ, ಶ್ರೋತೃಗಳು ಆ ಸಮರ್ಪಣೆಯಲ್ಲಿ ಸಹಭಾಗಿಗಳು. ಅರ್ಪಿಸುವ ವಸ್ತು ಅರೆಯಾಗಿರಬಾರದಷ್ಟೆ.

ವಿಸ್ತಾರವಾದ ರಚನೆಯೇ ಬೇಕೆನ್ನುವವರಿಗೆ ದಾಸಸಾಹಿತ್ಯದಲ್ಲಿಯೇ ಸುಳಾದಿಗಳಿವೆ. ಧ್ರುವ, ಮಠ್ಯ, ರೂಪಕ, ಝಂಪೆ, ತ್ರಿಪುಟ, ಅಟ್ಟ, ಏಕ ಎಂಬ ತಾಳಗಳಲ್ಲಿ ಒಂದೊಂದು ಖಂಡವಾಗಿ ಸಾಗಿ ಜತೆಯಲ್ಲಿ ಮುಗಿಯುವ ಈ ಪ್ರೌಢ ಪ್ರಬಂಧ ಇಂದಿನ ಕಚೇರಿಗಳಲ್ಲಿ ಕೇಳಸಿಗುವುದು ಅಪರೂಪ. ತಾಳರಹಿತವಾದ ಉಗಾಭೋಗದಲ್ಲಿ ರಾಗದ ಗಾಂಭೀರ್ಯಕ್ಕೂ ಮಾತಿನ ಸ್ಪಷ್ಟತೆಗೂ ಏಕಕಾಲದಲ್ಲಿ ಅವಕಾಶವಿದೆ. ದಾಸರ ಪದಗಳಿಂದಲೇ ಇಡೀ ಕಚೇರಿ ತುಂಬಬಲ್ಲದೆಂಬುದನ್ನು ಪಂಡಿತ ಭೀಮಸೇನ ಜೋಶಿಯವರು (1922-2011) ‘ದಾಸವಾಣಿ’ಯ ಮೂಲಕ ತೋರಿಸಿಕೊಟ್ಟಿದ್ದಾರೆ.

ಆದ್ದರಿಂದ ಉತ್ಸವದ ವ್ಯವಸ್ಥಾಪಕರು ವಿದ್ವಾಂಸರನ್ನು ಆಹ್ವಾನಿಸುವಾಗಲೇ ಮೂರು ವಿಷಯಗಳನ್ನು ವಿನಯದಿಂದ ವಿಜ್ಞಾಪಿಸಿಕೊಳ್ಳಬಹುದು: ಜನ ತುಂಬಿರುವ ನಡುವೇಳೆಯಲ್ಲಿ ಒಂದಾದರೂ ದಾಸರ ಪದವನ್ನು ಹಾಡುವುದು, ಅದನ್ನು ಅಂಕಿತದವರೆಗೆ ಪೂರ್ಣವಾಗಿ ಹಾಡುವುದು, ಸಾಹಿತ್ಯವನ್ನು ಮೊದಲೇ ತಿಳಿಸಿ, ಅಚ್ಚುಮಾಡಿಸಿ ಹಂಚಲು ಅನುವು ಮಾಡಿಕೊಡುವುದು. ಶ್ರೋತೃಗಳ ಕರ್ತವ್ಯವೂ ಒಂದಿದೆ. ಅಂಕಿತ ಕಿವಿಗೆ ಬೀಳುವವರೆಗೆ ಕುಳಿತಿರುವ ತಾಳ್ಮೆ ನಮ್ಮಲ್ಲಿಲ್ಲದಿದ್ದರೆ ಪೂರ್ಣವಾಗಿ ಹಾಡಿರೆಂದು ಕೇಳುವ ಅಧಿಕಾರವೂ ನಮಗಿಲ್ಲ.

ಶ್ರೀಕೃಷ್ಣಾರ್ಪಣಮಸ್ತು.