ಬಾಯಿಗೆ ಹಾಕಿಕೊಂಡರೂ ಏನಾಗಲ್ಲ

ಕಳೆದ ಆಯುಧಪೂಜೆಗೆ ಚನ್ನಪಟ್ಟಣದ ಹತ್ತಿರ ನಮ್ಮ ಸೋದರಮಾವನ ಮನೆಗೆ ಹೋಗಿದ್ವಿ. ಮಾವ ಲೇತ್ ಮೇಲೆ ಗೊಂಬೆ ಕಡೆಯೋ ಕೆಲಸದವರು. ನನ್ನ ಮಗಳಿಗೆ ಆಗ ಒಂದೂವರೆ ವರ್ಷ. ಮಾವ ಅವಳ ಕೈಗೆ ಹಳದಿ-ಕೆಂಪಿನ ಗಿಲಕಿ ಕೊಟ್ರು, ಅವಳು ಎಲ್ಲ ಮಕ್ಕಳ ಹಾಗೆ ಸೀದಾ ಬಾಯಿಗೆ ಹಾಕ್ಕೊಂಡಳು. ನಾನು ಕಿತ್ಕೊಳ್ಳೋಕೆ ಹೋದೆ.

"ಬುಡ್ಲಾ, ಬಾಯಿಗಾಕ್ಕಂಡ್ರೂ ಏನಾಗಕಿಲ್ಲ. ಅರಗು, ಅರಿಸಿನ, ಅಷ್ಟೇಯ. ಇಸ ಇಲ್ಲ ಅದ್ರಲ್ಲಿ" ಅಂತ ಮಾವ ನಕ್ಕರು. ನಗು ಮುಗಿಯೋ ಮುಂಚೆ ಕೆಮ್ಮು ಶುರುವಾಯ್ತು.

ಆ ಕೆಮ್ಮು ನನಗೆ ಚಿಕ್ಕಂದಿನಿಂದ ಗೊತ್ತು. ಕಫ ಇಲ್ಲದ ಒಣ ಕೆಮ್ಮು. ಬೇಸಿಗೆ ರಜೆಗೆ ಹೋದಾಗ, ಸಂಜೆ ಬೀದಿ ತಿರುವಿನಲ್ಲಿ ಆ ಕೆಮ್ಮು ಕೇಳಿದ್ರೆ ಮಾವ ಬಂದ್ರು ಅಂತ ನಾವು ಮಕ್ಕಳೆಲ್ಲ ಪುಸ್ತಕ ಹಿಡ್ಕೊಂಡು ಕೂರ್ತಿದ್ವಿ. ಅದು ಮಾವನ ಗುರುತು, ಅವರ ಮೀಸೆ ಇದ್ದ ಹಾಗೆ. ಅದೊಂದು ಕಾಯಿಲೆ ಇರಬಹುದು ಅಂತ ನನಗೆ ಮೂವತ್ತು ದಾಟೋವರೆಗೂ ಹೊಳೆದಿರಲಿಲ್ಲ.

ಅವರ ಕೆಲಸದ ಜಾಗ ಮನೆಗೆ ಅಂಟಿಕೊಂಡ ಶೀಟಿನ ಕೊಟ್ಟಿಗೆ. ಒಂದು ಬಾಗಿಲು, ಒಂದು ಕಿಟಕಿ. ಗಾಳಿಗೆ ಅರಗು ಸರಿಯಾಗಿ ಹಿಡಿಯಲ್ಲ ಅಂತ ಕಿಟಕಿ ಯಾವಾಗಲೂ ಮುಚ್ಚಿರತ್ತೆ. ಹಾಲೆ ಮರದ ತುಂಡನ್ನು (ನಮ್ಮ ಕಡೆ ಆಲೆಮರ ಅಂತಾರೆ) ತಿಂಗಳುಗಟ್ಟಲೆ ಒಣಗಿಸಿ ಲೇತಿಗೆ ಸಿಕ್ಕಿಸಿ ಉಳಿ ಕೊಟ್ರೆ ಮೊದಲು ಸುರುಳಿ ಸುರುಳಿಯಾಗಿ ಹೊಟ್ಟು ಬರುತ್ತೆ. ಅದನ್ನ ನೋಡೋಕೇ ಚೆಂದ. ಅಜ್ಜಿ ಅದನ್ನು ಡಬ್ಬದ ಒಲೆಗೆ ತುಂಬಿ, ನಡುವೆ ಬಾಟಲಿ ಇಟ್ಟು ಒತ್ತಿ, ಬಾಟಲಿ ಎಳೆದು ತೂತು ಮಾಡಿ ಸ್ನಾನದ ನೀರು ಕಾಯಿಸ್ತಿದ್ಲು. ಆ ಹೊಟ್ಟಿನಿಂದ ತೊಂದರೆ ಕಡಿಮೆ, ದಪ್ಪ ಇರೋದ್ರಿಂದ ನೆಲಕ್ಕೆ ಬೀಳುತ್ತೆ. ತೊಂದರೆ ಆಮೇಲಿನದು. ತಿರುಗೋ ಗೊಂಬೆಗೆ ಸ್ಯಾಂಡ್ ಪೇಪರ್ ಹಿಡಿದಾಗ ಏಳೋ ಹಿಟ್ಟು ಕಣ್ಣಿಗೆ ಕಾಣೋದೇ ಬಿಸಿಲುಕೋಲಲ್ಲಿ. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಇದ್ರೆ, 10 ಮೈಕ್ರಾನ್‌ಗಿಂತ ಸಣ್ಣ ಕಣ ಮೂಗು ಗಂಟಲು ದಾಟಿ ಒಳಗೆ ಇಳಿಯುತ್ತೆ. ಅದಾದ ಮೇಲೆ ಅರಗಿನ ಕಡ್ಡಿ ಒತ್ತೋದು, ತಿರುಗೋ ಬಿಸಿಗೇ ಅರಗು ಕರಗಿ ಹತ್ತಿಕೊಳ್ಳುತ್ತೆ. ಕೊನೆಗೆ ತಾಳೆಗರಿ ಹಿಡಿದು ಹೊಳಪು. ಆಯುಧಪೂಜೆಗೆ ಮಿಷನ್ ಒರೆಸುವಾಗ ನೋಡಿದೆ, ದೇವರ ಫೋಟೋದ ಗಾಜಿನ ಮೇಲೆ, ಟ್ಯೂಬ್‌ಲೈಟ್ ಮೇಲೆ, ಅತ್ತೆ ಪ್ಯಾಕಿಂಗ್ ಮಾಡೋ ಚಾಪೆ ಮೇಲೆ ಎಲ್ಲ ಅದೇ ಹಿಟ್ಟು. ಪ್ರತಿ ವರ್ಷ ಇರುತ್ತಿತ್ತು. ಈ ಸಲ ನನಗೆ ಕಾಣಿಸೋಕೆ ಒಂದು ಕಾರಣ ಇತ್ತು.

ಆರು ತಿಂಗಳ ಹಿಂದೆ ಕೆಂಗೇರಿ ಆಚೆ ಒಂದು ಫ್ಲ್ಯಾಟ್ ತಗೊಂಡು ಇಂಟೀರಿಯರ್ ಕೆಲಸ ಕೊಟ್ಟಿದ್ವಿ. ಅಡುಗೆಮನೆ, ವಾರ್ಡ್‌ರೋಬ್, ಟಿವಿ ಯೂನಿಟ್. ಪ್ಲೈವುಡ್ಡು, ಎಂಡಿಎಫ್ಫು, ಮೇಲೆ ಲ್ಯಾಮಿನೇಟ್. ನಾಲ್ಕು ಜನ ಕಾರ್ಪೆಂಟರುಗಳು ರಾಜಸ್ಥಾನದಿಂದ ಬಂದವರು. ಹಾಲ್‌ನಲ್ಲೇ ಗರಗಸದ ಮಿಷನ್ ಇಟ್ಟು ಕುಯ್ಯೋರು. ಧೂಳು ಅಂದ್ರೆ ಧೂಳು. ಹೆಂಡತಿ ಮಗೂನ ಕರ್ಕೊಂಡು ಮಾಗಡಿಗೆ ತವರಿಗೆ ಹೋದಳು, ಮಗೂಗೆ ಅಲರ್ಜಿ ಆಗುತ್ತೆ ಅಂತ. ಸರಿಯಾದ ನಿರ್ಧಾರವೇ. ನಾನು ಆಫೀಸ್ ಮುಗಿಸಿ ಸಂಜೆ ಕರ್ಚೀಫ್ ಕಟ್ಕೊಂಡು ನೋಡೋಕೆ ಹೋಗ್ತಿದ್ದೆ. ಹತ್ತು ನಿಮಿಷಕ್ಕೆ ಕಣ್ಣು ಉರಿಯೋದು. ಎಂಡಿಎಫ್ ಅಂದ್ರೆ ಮರದ ನಾರನ್ನು ಅಂಟಿನಲ್ಲಿ ಒತ್ತಿದ ಹಲಗೆ. ಆ ಅಂಟು ಹೆಚ್ಚಾಗಿ ಯೂರಿಯಾ ಫಾರ್ಮಾಲ್ಡಿಹೈಡ್. ಕುಯ್ದಾಗ ಮರದ ಧೂಳಿನ ಜೊತೆ ಅಂಟಿನ ಧೂಳೂ ಏಳುತ್ತೆ.

ಒಂದು ದಿನ ಅವರಲ್ಲಿ ಚಿಕ್ಕವನು, ಇಪ್ಪತ್ತು ಇರಬಹುದು, ಬಾಗಿಲಲ್ಲೇ ತಡೆದು "ಸಾರ್, ಅಂದರ್ ಮತ್ ಆವೋ, ಧೂಳ್ ಹೈ" ಅಂದ. ಥ್ಯಾಂಕ್ಸ್ ಹೇಳಿ ಲಿಫ್ಟ್ ಹತ್ತಿ ಕೆಳಗೆ ಬಂದೆ. ಕಾರು ಸ್ಟಾರ್ಟ್ ಮಾಡಿ ಗೇಟು ದಾಟಿದ ಮೇಲೆ ಹೊಳೀತು: ಅವನು ರಾತ್ರಿ ಮಲಗೋದೂ ಅದೇ ಹಾಲ್‌ನಲ್ಲಿ. ನಮ್ಮ ಮಗು ಒಂದು ದಿನವೂ ಇರಬಾರದ ಮನೆಯಲ್ಲಿ ಅವರು ಐವತ್ತು ದಿನ ಉಂಡು ಮಲಗಿದ್ರು. ಬೆಂಗಳೂರಲ್ಲಿ ಮನೆ ಮಾಡಿಸಿದ ಯಾರನ್ನ ಬೇಕಾದರೂ ಕೇಳಿ, ಇದೇನೂ ವಿಶೇಷ ಅಲ್ಲ.

ಕಂಟ್ರ್ಯಾಕ್ಟರ್‌ಗೆ ಫೋನ್ ಮಾಡಿದೆ. "ಅವ್ರಿಗೆ ಅಭ್ಯಾಸ ಆಗೋಗಿದೆ ಸಾರ್" ಅಂದ್ರು. ನಾನು "ಓ, ಸರಿ" ಅಂದೆ.

ಅಭ್ಯಾಸ ಅನ್ನೋ ಮಾತು ನನ್ನ ತಲೆಯಲ್ಲಿ ಕೂತುಬಿಡ್ತು. ಖಾರಕ್ಕೆ ನಾಲಿಗೆ ಅಭ್ಯಾಸ ಆಗುತ್ತೆ, ನೈಟ್ ಶಿಫ್ಟಿಗೆ ನಿದ್ದೆ ಅಷ್ಟೋ ಇಷ್ಟೋ ಅಭ್ಯಾಸ ಆಗುತ್ತೆ. ಧೂಳಿಗೆ ಶ್ವಾಸಕೋಶ ಅಭ್ಯಾಸ ಆಗಲ್ಲ. ಅಭ್ಯಾಸ ಆಗೋದು ದೂರು ಹೇಳದೇ ಇರೋದು. ಅವರಿಗೂ, ಕೇಳದೇ ಇರೋ ನಮಗೂ. ನನ್ನ ಮಗಳಿಗೂ ಐವತ್ತು ದಿನ ಅಲ್ಲೇ ಇಟ್ಟಿದ್ರೆ ಅಭ್ಯಾಸ ಆಗ್ತಿತ್ತಲ್ಲ ಅಂತ ನಾನು ಯೋಚಿಸಲಿಲ್ಲ.

ನಮ್ಮ ಕಸುಬಿನ ರೋಗ, ರಾತ್ರಿ ಕೂತು ಓದಿದೆ. ಬರ್ನಾರ್ಡಿನೋ ರಮಾಝಿನಿ ಅನ್ನೋ ಇಟಲಿಯ ವೈದ್ಯ 1700ರಲ್ಲೇ ಕಸುಬುಗಳು ತರೋ ಕಾಯಿಲೆಗಳ ಮೇಲೆ ಒಂದು ಪುಸ್ತಕ ಬರೆದ. ರೋಗಿಯನ್ನು ಕೇಳೋ ಪ್ರಶ್ನೆಗಳ ಜೊತೆ "ನಿನ್ನ ಕೆಲಸ ಏನು" ಅನ್ನೋದನ್ನೂ ಸೇರಿಸಿ ಅಂತ ವೈದ್ಯರಿಗೆ ಹೇಳಿದವನು ಅವನು. 1960ರ ದಶಕದಲ್ಲಿ ಇಂಗ್ಲೆಂಡಿನ ಹೈ ವಿಕಂಬ್ ಅನ್ನೋ ಊರಲ್ಲಿ, ಅದು ಕುರ್ಚಿ-ಮೇಜು ಮಾಡೋರ ಊರು, ಎಸ್ಮೆ ಹ್ಯಾಡ್‌ಫೀಲ್ಡ್ ಅನ್ನೋ ಕಿವಿ-ಮೂಗು-ಗಂಟಲು ವೈದ್ಯೆಗೆ ಒಂದು ವಿಷಯ ಕಣ್ಣಿಗೆ ಬಿತ್ತು. ತೀರಾ ಅಪರೂಪದ ಮೂಗಿನ ಕ್ಯಾನ್ಸರ್ ಅಲ್ಲಿನ ಮರಕೆಲಸದವರಲ್ಲಿ ಬರ್ತಾ ಇತ್ತು. 1968ರಲ್ಲಿ ಅವರೂ ಸಂಗಡಿಗರೂ ಸೇರಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದರು. 1995ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮರದ ಧೂಳನ್ನು ಒಂದನೇ ಗುಂಪಿಗೆ ಸೇರಿಸಿತು. ತಂಬಾಕಿನ ಹೊಗೆ ಇರೋ ಗುಂಪು ಅದು. ಫಾರ್ಮಾಲ್ಡಿಹೈಡ್ ಕೂಡ ಈಗ ಅಲ್ಲೇ ಇದೆ.

ಇಲ್ಲಿ ವಾಟ್ಸಾಪ್ ಫಾರ್ವರ್ಡ್ ಥರ ಹೆದರಿಸೋದು ಬೇಡ. ಒಂದನೇ ಗುಂಪು ಅಂದ್ರೆ ಸಾಕ್ಷ್ಯ ಗಟ್ಟಿ ಅಂತ ಅರ್ಥ, ಅಪಾಯ ಸಿಗರೇಟಿನಷ್ಟೇ ದೊಡ್ಡದು ಅಂತಲ್ಲ. ಮೂಗಿನ ಕ್ಯಾನ್ಸರ್ ಮರಕೆಲಸದವರಲ್ಲೂ ಅಪರೂಪವೇ. ಆಸ್ತಮಾ, ಚರ್ಮದ ತುರಿಕೆ, ಸದಾ ಸೋರೋ ಮೂಗು, ಬಿಡದ ಕೆಮ್ಮು, ಇವು ಅಪರೂಪ ಅಲ್ಲ. ಯುರೋಪಿನಲ್ಲಿ ಗಟ್ಟಿಮರದ ಧೂಳು ಒಂದು ಘನ ಮೀಟರ್ ಗಾಳಿಗೆ 2 ಮಿಲಿಗ್ರಾಂ ದಾಟಬಾರದು ಅಂತ 2023ರಿಂದ ಮಿತಿ ಇದೆ. ಗಟ್ಟಿಮರ ಅಂದ್ರೆ ಕೈಗೆ ಗಟ್ಟಿ ಅಂತಲ್ಲ, ಅಗಲ ಎಲೆ ಮರಗಳಿಗೆಲ್ಲ ಅದೇ ಹೆಸರು. ಬೆಣ್ಣೆಯಂಗೆ ಕಡೆಯೋಕೆ ಬರೋ ನಮ್ಮ ಆಲೆಮರವೂ ಆ ಲೆಕ್ಕಕ್ಕೆ ಗಟ್ಟಿಮರವೇ.

ಇಷ್ಟು ಓದಿದ ಮೇಲೆ ಆ ಗಿಲಕಿ ನೋಡಿದ್ರೆ ವಿಚಿತ್ರ ಅನ್ನಿಸ್ತು. ಮಗುವಿನ ಬಾಯಿಯ ಬಗ್ಗೆ ಇಡೀ ಜಗತ್ತು ಯೋಚನೆ ಮಾಡಿದೆ. ಯುರೋಪಿಗೆ ಹೋಗೋ ಆಟಿಕೆಗೆ ಅಲ್ಲಿನ ಸುರಕ್ಷತಾ ಪರೀಕ್ಷೆ, ಬಣ್ಣದಲ್ಲಿ ಸೀಸ ಇದೆಯಾ, ಚೂಪು ಅಂಚು ಇದೆಯಾ, ಬಿಡಿಭಾಗ ಕಿತ್ತು ಬಂದು ಗಂಟಲಿಗೆ ಸಿಕ್ಕುತ್ತಾ ಅಂತ. ನಮ್ಮಲ್ಲೂ 2021ರ ಜನವರಿ 1ರಿಂದ ಆಟಿಕೆಗೆ ಐಎಸ್ಐ ಗುರುತು ಕಡ್ಡಾಯ. ನೋಂದಾಯಿತ ಕರಕುಶಲಿಗರಿಗೆ ಮತ್ತೆ ಭೌಗೋಳಿಕ ಸೂಚಿಯ ಪದಾರ್ಥಗಳಿಗೆ ವಿನಾಯಿತಿ. ಇದೆಲ್ಲ ಇರಬೇಕಾದ್ದೇ. ಆದರೆ ಆ ಗೊಂಬೆ ಮಾಡಿದವನ ಮೂಗನ್ನು ಕೇಳೋ ಕಾಲಂ ಯಾವ ಫಾರಂನಲ್ಲೂ ಇಲ್ಲ. 1948ರ ಫ್ಯಾಕ್ಟರಿ ಕಾಯ್ದೆಯ 14ನೇ ಸೆಕ್ಷನ್ ಹೇಳ್ತಿತ್ತು: ಧೂಳು ಹುಟ್ಟೋ ಜಾಗಕ್ಕೆ ಆದಷ್ಟು ಹತ್ತಿರದಲ್ಲೇ ಅದನ್ನು ಎಳೆದುಕೊಳ್ಳೋ ವ್ಯವಸ್ಥೆ ಇರಬೇಕು. ಒಳ್ಳೇ ಮಾತು. ಆದರೆ ಕರೆಂಟಿನ ಮಿಷನ್ ಇರೋ ಕಡೆ ಹತ್ತು ಜನ ಇದ್ದರೆ ಮಾತ್ರ ಅದು ಫ್ಯಾಕ್ಟರಿ ಆಗ್ತಿತ್ತು. 2020ರ ಹೊಸ ಸಂಹಿತೆಯಲ್ಲಿ ಆ ಹತ್ತು ಇಪ್ಪತ್ತಾಯ್ತು. ಮಾವನ ಕೊಟ್ಟಿಗೆಯಲ್ಲಿ ಇರೋದು ಮಾವ ಒಬ್ಬರು, ಪ್ಯಾಕಿಂಗ್‌ಗೆ ಅತ್ತೆ. ನನ್ನ ಫ್ಲ್ಯಾಟ್‌ನಲ್ಲಿ ನಾಲ್ಕು.

ಒಂದು ಡಬ್ಬ ಎನ್95 ಮಾಸ್ಕ್ ತಗೊಂಡು ಹೋದೆ. ಮಾವ ಒಂದು ಹಾಕ್ಕೊಂಡು ಐದು ನಿಮಿಷ ಕೂತ್ರು. "ಕನ್ನಡ್ಕ ಮಂಜಾಯ್ತದೆ ಕಣ್ಲಾ. ಉಳಿ ಎಲ್ ಕೂತದೋ ಕಾಣಾಕಿಲ್ಲ. ಬೆಳ್ಳು ಹೋದ್ರೆ ನಿನ್ ಮಾಸ್ಕ್ ತಂದ್ಕೊಟ್ಟದಾ?" ಅಂದ್ರು. ಅವರು ಸರಿ. ಶೀಟಿನ ಕೆಳಗಿನ ಸೆಕೆಗೆ ಎಂಟು ಗಂಟೆ ಅದನ್ನು ಹಾಕ್ಕೊಂಡು ಇರೋದು ನನಗೂ ಆಗದ ಕೆಲಸ. ನಮ್ಮ ಕೆಲಸದಲ್ಲಿ ಒಂದು ಚಟ ಇದೆ. ಪ್ರೋಗ್ರಾಂನಲ್ಲಿ ದೋಷ ಇದ್ದರೆ ಅದನ್ನು ಸರಿ ಮಾಡೋ ಬದಲು "ಈ ಬಟನ್ ಒತ್ತಬೇಡಿ" ಅಂತ ಸೂಚನೆ ಬರೆದು ಕೈ ತೊಳ್ಕೊಳ್ಳೋದು. ಮಾಸ್ಕ್ ಕೊಡೋದು ಅದೇ ಚಟ. ಧೂಳು ಏಳದ ಹಾಗೆ ಮಾಡೋದು ಮೊದಲು, ಎದ್ದಿದ್ದನ್ನು ಅಲ್ಲೇ ಎಳೆಯೋದು ಆಮೇಲೆ, ಮುಖಕ್ಕೆ ಬಟ್ಟೆ ಕಟ್ಟೋದು ಕಟ್ಟಕಡೆಗೆ. ಕಟ್ಟಕಡೆಯದನ್ನೇ ಮೊದಲು ಕೊಟ್ಟರೆ ನಾಳೆ ಕೆಮ್ಮಿದಾಗ "ಕೊಟ್ಟಿದ್ನಲ್ಲ, ಹಾಕ್ಕೊಳ್ಲಿಲ್ಲ" ಅನ್ನಬಹುದು. ತಪ್ಪು ಅವರ ತಲೆಗೆ ಹೋಯ್ತು.

ಗೆಳೆಯನೊಬ್ಬ ಕೇಳಿದ: "ಯಾರೂ ಬಲವಂತ ಮಾಡಿಲ್ವಲ್ಲ, ಅವರೇ ಆರಿಸಿಕೊಂಡ ಕಸುಬು. ನಿಂದೇನು?" ಇದನ್ನು ನಾನು ತುಂಬಾ ದಿನ ಯೋಚಿಸಿದೆ. ಗೊತ್ತಿದ್ದು, ಬೇರೆ ದಾರಿ ಇದ್ದು, ಆಮೇಲೂ ಇದೇ ಇರಲಿ ಅಂದರೆ ಅದು ಆಯ್ಕೆ. ಮಾವನಿಗೆ ಗೊತ್ತಿರಲಿಲ್ಲ, ಗೊತ್ತಾದ ಮೇಲೆ ಬೇರೆ ದಾರಿಯೂ ಇಲ್ಲ. 2023ರಲ್ಲಿ ಮೈಸೂರು ಎಕ್ಸ್‌ಪ್ರೆಸ್‌ವೇ ಬಂದು ಊರನ್ನು ಬಳಸಿ ಹೋದ ಮೇಲೆ ಹಳೇ ರಸ್ತೆಯ ಗೊಂಬೆ ಅಂಗಡಿಗಳಲ್ಲಿ ಕಾರು ನಿಲ್ಲೋದೇ ಕಮ್ಮಿ. ಪೀಸ್ ಲೆಕ್ಕದ ಕೂಲಿ, ಆರ್ಡರ್ ಇದ್ದ ದಿನ ಕೆಲಸ. ಅವರ ಹತ್ತಿರ ಧೂಳೆಳೆಯೋ ಮಿಷನ್ ತಗೊಳ್ಳಿ ಅನ್ನೋದು ತಮಾಷೆಯಾಗುತ್ತೆ. ಅಷ್ಟು ಕಡಿಮೆ ಬೆಲೆಗೆ ಗೊಂಬೆ ಸಿಗೋಕೆ ಆ ಮಿಷನ್ ಇಲ್ಲದೇ ಇರೋದೂ ಒಂದು ಕಾರಣ. ಅದರಲ್ಲಿ ಉಳಿದ ದುಡ್ಡು ಕೊಂಡವರ ಜೇಬಲ್ಲಿದೆ, ನನ್ನದೂ ಸೇರಿ.

ಮಾವನಿಗೆ ಕ್ಯಾನ್ಸರ್ ಅನ್ನೋ ಪದ ನಾನು ಹೇಳಲಿಲ್ಲ. "ಧೂಳು ಒಳ್ಳೇದಲ್ಲ ಮಾವ" ಅಂದೆ ಅಷ್ಟೆ. ಕರುಣೆಯಿಂದ ಮುಚ್ಚಿಟ್ಟೆ ಅಂತ ಅಂದ್ಕೊಂಡಿದ್ದೆ, ಈಗ ನೋಡಿದರೆ ಆ ಮಾತಾದ ಮೇಲೆ ಬರೋ "ಈಗೇನ್ ಮಾಡ್ಲಿ?" ಅನ್ನೋ ಪ್ರಶ್ನೆಗೆ ಹೆದರಿದ್ದೆ ಅನ್ಸುತ್ತೆ. ಕಾರ್ಪೆಂಟರುಗಳ ವಿಷಯದಲ್ಲಂತೂ ಈ ನೆಪವೂ ಇಲ್ಲ. ಅಲ್ಲಿ ದುಡ್ಡು ಕೊಡೋನು ನಾನು. ಮಲಗೋಕೆ ಬೇರೆ ರೂಮು, ಧೂಳು ಎಳೆಯೋ ಪೈಪ್ ಇರೋ ಗರಗಸ, ಹಾಲ್ ಬದಲು ಟೆರೇಸ್, ಇವನ್ನು ಕೇಳೋ ಅಧಿಕಾರ ನನಗಿತ್ತು. ಲ್ಯಾಮಿನೇಟಿನ ಬಣ್ಣಕ್ಕೆ ಮೂರು ಸಲ ಜಗಳ ಆಡಿದ್ದೆ.

ಆಮೇಲೆ ಸ್ಟಡಿ ರೂಮಿನ ಕಪಾಟು ಬಾಕಿ ಇತ್ತು. ಈ ಸಲ ಟೆರೇಸಲ್ಲಿ ಕುಯ್ಯಲಿ ಅಂತ ಅಪಾರ್ಟ್‌ಮೆಂಟ್ ಅಸೋಸಿಯೇಷನ್‌ಗೆ ಕೇಳಿದೆ. ಒಣಗಾಕಿದ ಬಟ್ಟೆ ಮೇಲೆ ಧೂಳು ಕೂರುತ್ತೆ, ಆಗಲ್ಲ ಅಂದ್ರು. ಫ್ಯಾಕ್ಟರಿಯಲ್ಲಿ ಕುಯ್ದು ತರಿಸಿದೆ; ಅಲ್ಲಿ ಧೂಳು ಎಳೆಯೋ ವ್ಯವಸ್ಥೆ ಇದೆ ಅಂದ್ರು, ಹೋಗಿ ನೋಡಲಿಲ್ಲ. ಮಾವನ ಕೊಟ್ಟಿಗೆಗೆ ಲೇತಿನ ಹಿಂದೆ, ಗೊಂಬೆಯ ಮಟ್ಟಕ್ಕೇ ಗೋಡೆ ಒಡೆದು ಒಂದು ಎಕ್ಸಾಸ್ಟ್ ಫ್ಯಾನ್ ಕೂರಿಸಿದ್ವಿ. ಅತ್ತೆ ಈಗ ಪೊರಕೆ ಬಿಟ್ಟು ಒದ್ದೆ ಬಟ್ಟೆಯಲ್ಲಿ ಒರೆಸ್ತಾರೆ. ಬಿಡಿ ತುಂಡುಗಳನ್ನು ಕೈಯಲ್ಲಿ ಉಜ್ಜೋದೆಲ್ಲ ಆಚೆ ಹೊಂಗೆ ಮರದ ಕೆಳಗೆ. ಅರಗು ಹಚ್ಚುವಾಗ ಮಾವ ಫ್ಯಾನ್ ಆಫ್ ಮಾಡ್ತಾರೆ, ಆಮೇಲೆ ಆನ್ ಮಾಡೋದು ಮರೀತಾರೆ ಅಂತ ಅತ್ತೆ ಫೋನಲ್ಲಿ ಚಾಡಿ ಹೇಳ್ತಾರೆ.

ಸಂಕ್ರಾಂತಿ ಆದ ಮೇಲೆ ಹೇಗೋ ಒಪ್ಪಿಸಿ ಆಸ್ಪತ್ರೆಗೆ ಕರ್ಕೊಂಡು ಹೋದೆ. ಡಾಕ್ಟರು ಚಿಕ್ಕ ವಯಸ್ಸಿನವರು, ಆಚೆ ಉದ್ದ ಕ್ಯೂ. "ಬೀಡಿ ಸೇದ್ತೀರಾ?" ಅಂದ್ರು. ಇಲ್ಲ ಅಂದ್ರು ಮಾವ. "ಎಷ್ಟು ದಿನದಿಂದ ಕೆಮ್ಮು?" "ಮೊದ್ಲಿಂದ್ಲೂ ಅದೆ ಸ್ವಾಮಿ." ಸಿರಪ್ ಬರೆಯೋಕೆ ಶುರು ಮಾಡಿದರು. ನಾನು ರಮಾಝಿನಿಯ ಪ್ರಶ್ನೆಗೆ ಕಾಯ್ತಾ ಕೂತಿದ್ದೆ, ಬರಲಿಲ್ಲ. "ಡಾಕ್ಟ್ರೇ, ಇವರು ಗೊಂಬೆ ಕಡೀತಾರೆ, ಮೂವತ್ತೆರಡು ವರ್ಷದಿಂದ, ಮುಚ್ಚಿದ ಕೊಟ್ಟಿಗೇಲಿ, ಮರದ ಧೂಳು" ಅಂದೆ. ಅವರು ಪೆನ್ ನಿಲ್ಲಿಸಿ ಮಾವನ ಮುಖ ನೋಡಿದರು. ಎಕ್ಸ್‌ರೇ ಬರೆದರು, ಉಸಿರು ಊದಿಸೋ ಪರೀಕ್ಷೆ ಒಂದು ಬರೆದರು.

ವಾಪಸ್ ಬರುವಾಗ ಬಸ್ಸಲ್ಲಿ ಮಾವ ತುಂಬಾ ಹೊತ್ತು ಮಾತಾಡಲಿಲ್ಲ. ಬಸ್ಸು ರಾಮನಗರ ದಾಟಿದ ಮೇಲೆ ಕಿಟಕಿ ಕಡೆ ತಿರುಗಿಕೊಂಡೇ ಕೇಳಿದರು: "ಇದ್ನೆಲ್ಲ ನೀನು ಎಲ್ಲಾದ್ರೂ ಬರ್ದೀಯೇನ್ಲಾ?"

"ಯಾಕ್ ಮಾವ?"

"ಬರ್ಕೊ. ಗೊಂಬೇಲಿ ಏನೂ ಐಬಿಲ್ಲ ಅಂತ್ಲೂ ಬರಿ. ಮಕ್ಳು ಬಾಯಿಗಾಕ್ಕಂಡ್ರೂ ಏನಾಗಕಿಲ್ಲ."