ಧೂಳಿಗೆ ಕಟ್ಟಿದ ಬುತ್ತಿ

ಮಲೆನಾಡಿನಲ್ಲಿ ರಸ್ತೆಗೆಂದು ಗುಡ್ಡ ಕಡಿದ ಮೇಲೆ ಉಳಿಯುವ ಕೆಮ್ಮಣ್ಣಿನ ಧರೆಯಲ್ಲಿ ಲೈಕೋಪೋಡಿಯಂ ಬಳಗದ ಗಿಡವೊಂದು ತಾನಾಗಿ ಹಬ್ಬುತ್ತದೆ. ಹೂವಿಲ್ಲ, ಹಣ್ಣಿಲ್ಲ, ಬೀಜವೂ ಇಲ್ಲ. ಕವಲುಗಳ ತುದಿಯಲ್ಲಿ ನೆಲ ನೋಡುವ ಪುಟ್ಟ ತೆನೆಗಳಷ್ಟೇ. ತೆನೆಯ ಒಂದೊಂದು ಎಲೆಯ ಕಂಕುಳಲ್ಲೂ ಒಂದೊಂದು ಚೀಲ. ಬಲಿತು ಒಣಗಿದಾಗ ಚೀಲ ಬಾಯಿಬಿಡುತ್ತದೆ. ಬೀಜಾಣುಗಳ ಹಳದಿ ಧೂಳು ಗಾಳಿಪಾಲು.

ಈ ಬಳಗದಲ್ಲಿ ಹೆಸರಾದದ್ದು ಯುರೋಪಿನ ಕಾಡುಗಳಲ್ಲಿ ತೆವಳುವ ಲೈಕೋಪೋಡಿಯಂ ಕ್ಲಾವೇಟಂ. ಅದರ ಬೀಜಾಣು ಸುಮಾರು 0.03 ಮಿ.ಮೀ. ಅಗಲ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮೈತುಂಬ ಜಾಲರಿಯ ಕೆತ್ತನೆ, ಒಂದು ಬದಿಗೆ ಮೂರು ಗೆರೆ ಕೂಡಿದ ಗುರುತು. ಬೀಜಾಣುಗಳು ನಾಲ್ಕು ನಾಲ್ಕಾಗಿ ಒತ್ತಿಕೊಂಡು ಹುಟ್ಟುತ್ತವೆ; ಒಡಹುಟ್ಟಿದವು ತಾಗಿಕೊಂಡಿದ್ದ ಕಡೆ ಆ ಗೆರೆ ಉಳಿಯುತ್ತದೆ. ಇಷ್ಟು ಸಣ್ಣ ಕಣಕ್ಕೂ ಹುಟ್ಟುಗುರುತು!

ಒಳಗೆ ಎಣ್ಣೆ. ತಾಯಿಗಿಡ ಕಟ್ಟಿಕೊಟ್ಟ ಬುತ್ತಿ ಅದು. ಮನುಷ್ಯ ಕಂಡದ್ದು ಅದರ ಉರಿಯನ್ನು. ಜ್ವಾಲೆಯ ಮೇಲೆ ಊದಿದರೆ ಭಗ್ಗನೆ ಹೊತ್ತುವ ಪುಡಿ ರಂಗಮಂಚಕ್ಕೆ ಮಿಂಚಾಯಿತು. 1807ರಲ್ಲಿ ಫ್ರಾನ್ಸಿನ ನಿಯೆಪ್ಸ್ ಸೋದರರು ಇದನ್ನೇ ಉರಿಸುವ ಎಂಜಿನ್ನಿನಿಂದ ಸೋನ್ ನದಿಯಲ್ಲಿ ದೋಣಿ ನಡೆಸಿದರು. ಅವರಲ್ಲೊಬ್ಬ ಮುಂದೆ ಛಾಯಾಚಿತ್ರವನ್ನೂ ಕಂಡುಹಿಡಿದ. ಆ ಮನೆಯವರಿಗೆ ಬೆಳಕಿನ ಹುಚ್ಚು ಇದ್ದಿರಬೇಕು. 1938ರಲ್ಲಿ ನ್ಯೂಯಾರ್ಕಿನಲ್ಲಿ ಚೆಸ್ಟರ್ ಕಾರ್ಲ್‌ಸನ್ ತೆಗೆದ ಮೊದಲ ಜೆರಾಕ್ಸ್ ನಕಲಿನಲ್ಲಿ ಅಕ್ಷರವಾಗಿ ಅಂಟಿದ್ದೂ ಇದೇ ಧೂಳು.

ನನ್ನ ಬೆರಗೆಲ್ಲ ಉರಿಯದೆ ಉಳಿದ ಕಣದ ಮೇಲೆ. ಅದು ಮಣ್ಣಿನ ಬಿರುಕಿಗಿಳಿದು ಕತ್ತಲಲ್ಲಿ ವರ್ಷಗಟ್ಟಲೆ ಸುಮ್ಮನಿರುತ್ತದೆ. ಮೊಳೆತರೂ ಬುತ್ತಿ ಸಾಲುವುದು ಕೆಲವೇ ಕೋಶಗಳ ಬೆಳವಣಿಗೆಗೆ. ಆಮೇಲೆ ಶಿಲೀಂಧ್ರದ ಎಳೆಯೊಂದು ಬಂದು ಒಳಹೊಕ್ಕು ಉಣಿಸಬೇಕು. ಬಾರದಿದ್ದರೆ ಅಲ್ಲಿಗೇ ಮುಗಿಯಿತು. ಧರೆಯ ಗಿಡಕ್ಕೆ ಇಷ್ಟು ಪಾಡಿಲ್ಲ, ಅದರ ಮೊಳಕೆ ನೆಲದ ಮೇಲೇ ಹಸಿರಾಗಿ ಒಂದಿಷ್ಟು ಅನ್ನ ತಾನೇ ಬೇಯಿಸಿಕೊಳ್ಳುತ್ತದೆ. ಕ್ಲಾವೇಟಂನದು ಬಣ್ಣವಿಲ್ಲದ, ಬಿಸಿಲು ಕಾಣದ ಸಣ್ಣ ಗಡ್ಡೆ. ಅದು ಗಂಡು ಹೆಣ್ಣು ಕೋಶಗಳನ್ನು ಮಾಡುವಷ್ಟು ಬಲಿಯಲು ಹತ್ತು ವರ್ಷ ಮೀರುವುದೂ ಉಂಟು. ಬಲಿತ ಮೇಲೂ ಗಂಡು ಕೋಶ ಬಾಲ ಬಡಿಯುತ್ತ ಈಜಿಯೇ ಅಂಡ ಸೇರಬೇಕು. ಈ ಧೂಳನ್ನು ನೀರ ಮೇಲೆ ಉದುರಿಸಿ ಬೆರಳದ್ದಿದರೆ ಬೆರಳು ನೆನೆಯುವುದಿಲ್ಲ. ಅಷ್ಟು ನೀರು ಒಲ್ಲದ ಕಣದ ವಂಶ ಬೆಳೆಯಲು ಮಣ್ಣೊಳಗೆ ಒಂದು ಪೊರೆಯಷ್ಟಾದರೂ ನೀರಿರಬೇಕು. ಇದ್ದರೆ, ಗಡ್ಡೆಯ ಮೈಯಿಂದ ಹಸಿರು ಚಿಗುರೊಂದು ಮಣ್ಣು ಸೀಳಿ ಮೇಲೇಳುತ್ತದೆ. ತೆನೆ ಕಟ್ಟಲು ಅದಕ್ಕಿನ್ನೂ ವಯಸ್ಸಾಗಿರುವುದಿಲ್ಲ.