ಏಳನೆಯ ಗಾಲಿ

ವರ್ಷವಿಡೀ ನನ್ನ ಕ್ಯಾಂಟರ್ ನಮ್ಮ ಬಬಲೇಶ್ವರ, ತಿಕೋಟಾ ಭಾಗದ ಒಣದ್ರಾಕ್ಷಿಯನ್ನು ತಾಸಗಾಂವ ಪೇಟೆಗೆ ಹೊರುತ್ತದೆ. ಯುಗಾದಿ ಹತ್ತಿರ ಬಂತೆಂದರೆ ಅದೇ ಗಾಡಿ ಮನೆಯಾಗುತ್ತದೆ. ಬಿದಿರು ಕಟ್ಟಿ ತಾಡಪತ್ರಿ ಹೊದಿಸಿ, ನಡುವೆ ಹಲಗೆಯ ಅಟ್ಟ ಹಾಕುತ್ತೇವೆ. ಕೆಳಗೆ ಹಿಟ್ಟಿನ ಚೀಲ, ಕಟಕ ರೊಟ್ಟಿಯ ಗಂಟು, ಶೇಂಗಾ ಹಿಂಡಿ, ಗ್ಯಾಸ್ ಒಲೆ, ನೀರಿನ ಬ್ಯಾರಲ್, ಮೇಲೆ ಹಾಸಿಗೆ. ನಿಡೋಣಿಯಿಂದ ಶ್ರೀಶೈಲದ ಮಲ್ಲಯ್ಯನ ದರ್ಶನಕ್ಕೆ ನಡೆಯುವವರ ಹಿಂದೆ ಗಾಡಿ ಹೊರಡುತ್ತದೆ.

ಹಿಂದಿನ ವರ್ಷ ಸ್ಟೆಪ್ನಿಗೆ ಗಾಳಿ ಹಿಡಿಸುತ್ತಿದ್ದಾಗ ಪಾದಯಾತ್ರೆಯ ಹಿರಿಯ ಆಯಿಯೊಬ್ಬಳು ಕೇಳಿದಳು: "ಎಲ್ಲಾ ಭಾರ ಮಲ್ಲಯ್ಯನ ಮ್ಯಾಲ ಹಾಕಿ ಹೊಂಟೀವಿ. ಮತ್ತ ಈ ಗಾಲಿ ಯಾಕೋ ತಮ್ಮಾ?"

ಆಯಿಯ ಮಾತನ್ನು ನಾನು ಹಗುರಾಗಿ ತಗೊಳ್ಳಲಿಲ್ಲ. ಬಸವಣ್ಣ ಹುಟ್ಟಿದ ಜಿಲ್ಲೆ ನಮ್ಮದು. ಶರಣೆ ಆಯ್ದಕ್ಕಿ ಲಕ್ಕಮ್ಮನ ಕಥೆ ಇಲ್ಲಿ ಮಕ್ಕಳಿಗೂ ಗೊತ್ತು. ಗಂಡ ಮಾರಯ್ಯ ದಿನದ ಅಕ್ಕಿಗಿಂತ ಹೆಚ್ಚು ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದಾಕೆ ಅವಳು. ಇನ್ನು ತಿಕೋಟಾ ತಾಲ್ಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿದ ಸಿದ್ಧೇಶ್ವರ ಅಪ್ಪಗೋಳು ಅಂಗಿಗೆ ಜೇಬು ಇಟ್ಟುಕೊಂಡವರಲ್ಲ. 2018ರಲ್ಲಿ ಪದ್ಮಶ್ರೀ ಬಂದರೂ ಬೇಡವೆಂದರು. ಇಂಥವರ ನೆಲದಲ್ಲಿ ನಿಂತು, ಆರು ಗಾಲಿಯ ಗಾಡಿಗೆ ಏಳನೆಯದೊಂದು ಯಾಕೆ ಬೇಕೆಂದು ಹೇಳಬೇಕಾದರೆ ಉತ್ತರ ಗಟ್ಟಿಯಿರಬೇಕು.

ಆ ಉತ್ತರ ಗಾಲಿ ಇಡುವ ಜಾಗದಲ್ಲಿದೆ ಎಂದು ನನಗನಿಸುತ್ತದೆ.

ಕಂಪನಿಯವರು ಕೊಟ್ಟ ಜಾಗ ಹಿಂದೆ, ಚಾಸಿಯ ಕೆಳಗೆ, ಸರಪಳಿಯಲ್ಲಿ. ಯಾತ್ರೆಗೆ ಅಡುಗೆಯ ಹಲಗೆ ಹಿಂದಕ್ಕೆ ಚಾಚಿದರೆ ಅಲ್ಲಿಂದ ಗಾಲಿ ಎಳೆಯುವುದು ಕಷ್ಟ. ಬ್ಯಾರಲ್ ತುಂಬಿದಾಗ ಹಿಂಭಾಗ ಕುಗ್ಗಿ ಮತ್ತೂ ಕಷ್ಟ. ಅದಕ್ಕಿಂತ ಕೆಟ್ಟದ್ದೆಂದರೆ ಅದು ಕಣ್ಣಿಗೆ ಬೀಳುವುದಿಲ್ಲ. ಧೂಳಿನಲ್ಲಿ ಸರಪಳಿ ಜಂಗು ಹಿಡಿಯುತ್ತದೆ, ಗಾಳಿ ಇಳಿಯುತ್ತದೆ, ನಾವು ಮಾತ್ರ ಸ್ಟೆಪ್ನಿ ಇದೆಯೆಂದು ನಂಬಿ ಕೂತಿರುತ್ತೇವೆ. ಪರೀಕ್ಷಿಸದ ನಂಬಿಕೆಯನ್ನು ನಾನು ಭಕ್ತಿ ಎನ್ನಲಾರೆ. ಕ್ಯಾಬಿನ್ ಮೇಲೆ ಇಟ್ಟರೆ, ಡಿಸ್ಕ್ ಸಮೇತ ಐವತ್ತು ಕಿಲೋ ಮೀರುವ ಭಾರವನ್ನು ನಡುರಾತ್ರಿ ಇಳಿಸುವವರು ಯಾರು? ಒಳಗಿಟ್ಟರೆ ಇಬ್ಬರು ಮುದುಕರು ಕಾಲು ಚಾಚುವ ಜಾಗ ಹೋಗುತ್ತದೆ. ಆಗ ಮಾತ್ರ ಅದು ಲಕ್ಕಮ್ಮ ಬೇಡವೆಂದ ಅಕ್ಕಿ. ಹೆಚ್ಚಿನದು ಇನ್ನೊಬ್ಬರ ಪಾಲನ್ನು ತಿನ್ನತೊಡಗಿದರೆ ಅದು ಸಂಗ್ರಹ. ಯಾರ ಪಾಲನ್ನೂ ತಿನ್ನದೆ ಹೊರಗೆ ನೇತಾಡುತ್ತ ಕಾಯುವುದಾದರೆ ಅದು ಬೇರೆ.

ಅಪ್ಪಗೋಳ ಜೇಬಿಲ್ಲದ ಅಂಗಿಯ ಹಿಂದೆ ಊರೂರಿನ ಜನ ಇದ್ದರು. ಬರಿಗೈಲಿ ನಡೆಯುವವರು ತಮ್ಮ ನಾಳೆಯನ್ನು ಯಾರದೋ ಕೈಯಲ್ಲಿ ಕೊಟ್ಟಿರುತ್ತಾರೆ. ಆತ್ಮಕೂರಿನ ಮುಂದೆ ವೆಂಕಟಾಪುರದಿಂದ ನಮ್ಮವರು ನಲ್ಲಮಲ ಅಡವಿಯ ಕಾಲುದಾರಿ ಹಿಡಿಯುತ್ತಾರೆ, ಗಾಡಿ ದೋರ್ನಾಳ ಸುತ್ತಿ ಘಾಟು ಹತ್ತಬೇಕು. ಅವರು ಅಡವಿ ದಾಟಿ ಬಂದಾಗ ಅನ್ನ, ಹಾಸಿಗೆ ಅಲ್ಲಿರಬೇಕು. ಘಾಟಿನಲ್ಲಿ ಒಳಗಿನ ಜೋಡುಗಾಲಿ ಪಂಕ್ಚರ್ ಆದರೆ ಮಲ್ಲಯ್ಯನೇ ನೋಡಿಕೊಳ್ಳಲಿ ಎಂದು ನಾನು ಕೈ ಮುಗಿದು ಕೂರುವ ಹಾಗಿಲ್ಲ. ಭಾರ ಹಾಕುವ ಹಕ್ಕು ನಡೆಯುವವರಿಗಿದೆ, ಹೊರುವವನಿಗೆ ಇಲ್ಲ.

ಸಣ್ಣ ಕಾರುಗಳಿಗೆ 2020ರ ಅಕ್ಟೋಬರ್ 1ರಿಂದ ಸರಕಾರ ಒಂದು ವಿನಾಯಿತಿ ಕೊಟ್ಟಿದೆ. ಟ್ಯೂಬ್‌ಲೆಸ್ ಟಾಯರ್, ಗಾಳಿ ಇಳಿದರೆ ತಿಳಿಸುವ ಯಂತ್ರ, ಪಂಕ್ಚರ್ ತಿದ್ದುವ ಸಾಮಾನು ಇದ್ದರೆ ಸ್ಟೆಪ್ನಿ ಕಡ್ಡಾಯವಲ್ಲ. ಎಚ್ಚರ ಇದ್ದಷ್ಟು ಸಾಮಾನು ಕಡಿಮೆ ಸಾಕು ಎಂಬ ಆ ಲೆಕ್ಕ ನನಗೆ ಹಿಡಿಸಿತು. ಟ್ಯೂಬು ಹಾಕಿದ ನನ್ನ ಗಾಡಿಗೆ ಅದು ಸಾಲದು.

ಈ ಸಲ ವೆಲ್ಡಿಂಗ್‌ನವನ ಹತ್ತಿರ ಎಡಮಗ್ಗುಲಿಗೆ, ಕ್ಯಾಬಿನ್ ಮತ್ತು ಹಿಂದಿನ ಗಾಲಿಯ ನಡುವೆ, ಮೊಣಕಾಲೆತ್ತರಕ್ಕೆ ಒಂದು ಸ್ಟ್ಯಾಂಡ್ ಮಾಡಿಸಿದ್ದೇನೆ. ಗಾಲಿಗೆ ಹಾಕುವ ನಟ್ಟುಗಳನ್ನೇ ಅದಕ್ಕೂ ಹಾಕಿಸಿದೆ, ಒಂದೇ ಪಾನಾ ಎರಡಕ್ಕೂ ಆಗುತ್ತದೆ. ತಾಸಗಾಂವಕ್ಕೆ ಹೋಗುವಾಗ ಕಳ್ಳರ ಭಯಕ್ಕೆ ಬೀಗ ಹಾಕುತ್ತೇನೆ. ಯಾತ್ರೆಯಲ್ಲಿ ಆ ಬೀಗದ ಕೈಯನ್ನು ಅಡುಗೆಯವರ ಹತ್ತಿರ, ಒಲೆಯ ಪಕ್ಕದ ಮೊಳೆಗೆ ತೂಗುಹಾಕುತ್ತೇವೆ. ಹಿಂದೆ ಬರುವ ಬೇರೆ ಊರಿನ ಕ್ಯಾಂಟರ್‌ಗೂ ಅದೇ ಅಳತೆಯ ಗಾಲಿ ಬೇಕಾಗಬಹುದು. ಆ ಹೊತ್ತಿಗೆ ನಾನು ಮಲಗಿದ್ದರೆ ಎಬ್ಬಿಸಿ ಕೇಳುವ ಅಗತ್ಯವಿಲ್ಲ ಎಂದು ಆಯಿಗೂ ಹೇಳಿಟ್ಟಿದ್ದೇನೆ.